ಪೆಲ್ವಿಸ್ ಚಿಕ್ಕದೇ? ಬೆರಳಿಗೆ ಸಿಗುವುದು, ಸಿಗದಿರುವುದು

‘ನಿಮ್ಮ ಪೆಲ್ವಿಸ್ ಚಿಕ್ಕದು, ನಾರ್ಮಲ್ ಆಗುವುದು ಕಷ್ಟ’ ಎಂದು ಗರ್ಭಿಣಿಗೆ ಎಂಟನೇ ತಿಂಗಳಲ್ಲೇ ಹೇಳಿ ಕಳಿಸುವುದುಂಟು. ಪೆಲ್ವಿಸ್ ಎಂದರೆ ಹೆರಿಗೆಯಲ್ಲಿ ಮಗು ದಾಟಿಬರುವ ಸೊಂಟದ ಎಲುಬುಗಳ ಕಟ್ಟು. ಒಂದು ಸಲದ ಒಳಪರೀಕ್ಷೆ ಅಷ್ಟು ದೊಡ್ಡ ತೀರ್ಮಾನದ ಭಾರ ಹೊರಲಾರದು.

ಪೆಲ್ವಿಸ್‌ನ ಎರಡು ಪಕ್ಕದಲ್ಲಿ ಸೊಂಟದ ಎಲುಬು, ಹಿಂದೆ ಬೆನ್ನುಮೂಳೆಯ ಬುಡದ ಎಲುಬಾದ ಸೇಕ್ರಮ್, ಅದರ ತುದಿಗೆ ಬಾಲದೆಲುಬು. ಇವು ಕೂಡಿ ಆದ ದಾರಿ ನೇರವಲ್ಲ, ಬಾಗಿದ ಕೊಳವೆ. ಮುಂದಿನ ಗೋಡೆ, ಅಂದರೆ ಎರಡೂ ಸೊಂಟದ ಎಲುಬು ಮುಂದೆ ಕೂಡುವ ಪ್ಯೂಬಿಸ್ ಸಂದು, ಸುಮಾರು 4–5 ಸೆಂ.ಮೀ.; ಹಿಂದಿನ ಗೋಡೆ ಅದರ ಎರಡು ಪಟ್ಟಿಗೂ ಹೆಚ್ಚು. ಮೇಲಿನ ಬಾಯಿ ಅಡ್ಡಕ್ಕೆ ಅಗಲ (ಸುಮಾರು 13 ಸೆಂ.ಮೀ.), ಕೆಳಗಿನದು ಹಿಂದು–ಮುಂದಕ್ಕೆ. ಮಗುವಿನ ತಲೆ ಇಳಿಯುತ್ತಾ ತಿರುಗುವುದು ಅದಕ್ಕೇ.

ಪರೀಕ್ಷೆಗೆ ಮುನ್ನ ಮೂತ್ರಕೋಶ ಖಾಲಿಯಿರಬೇಕು, ಮಾಡುವುದೇನೆಂದು ಆಕೆಗೆ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಎರಡು ಬೆರಳು ಒಳಗಿಟ್ಟು ಮೊದಲು ಸೇಕ್ರಮ್‌ನ ಮೇಲಂಚಿನ ಉಬ್ಬನ್ನು, ಪ್ರೊಮಾಂಟರಿಯನ್ನು, ಹುಡುಕುತ್ತೇವೆ. ಅದು ಸುಲಭಕ್ಕೆ ಸಿಗದಿದ್ದರೆ ಒಳ್ಳೆಯದೇ. ಸಿಕ್ಕಿದರೆ, ಪ್ಯೂಬಿಸ್ ಸಂದಿನ ಕೆಳಅಂಚು ಕೈಗೆ ತಾಗುವ ಜಾಗ ಗುರುತಿಸಿ, ಹೊರತೆಗೆದು ಬೆರಳ ತುದಿಯವರೆಗೆ ಅಳೆಯಬೇಕು. ಇದು ಡಯಾಗನಲ್ ಕಾಂಜುಗೇಟ್. ಇದರಲ್ಲಿ 1.5ರಿಂದ 2 ಸೆಂ.ಮೀ. ಕಳೆದರೆ ತಲೆ ನಿಜಕ್ಕೂ ದಾಟಬೇಕಾದ ಜಾಗದ ಅಂದಾಜು. ಡಯಾಗನಲ್ ಕಾಂಜುಗೇಟ್ 12.5 ಸೆಂ.ಮೀ. ಬಂದರೆ ನೆಮ್ಮದಿ, 11.5ಕ್ಕಿಂತ ಕಡಿಮೆಯಾದರೆ ಮೇಲಿನ ಬಾಯಿ ಇಕ್ಕಟ್ಟಿರಬಹುದು. ತಪ್ಪಾಗುವುದೂ ಇಲ್ಲೇ. ಕೆಲವರಲ್ಲಿ ಸೇಕ್ರಮ್‌ನ ಮೊದಲೆರಡು ತುಂಡುಗಳ ನಡುವೆ ಇನ್ನೊಂದು ಉಬ್ಬಿರುತ್ತದೆ, ಅದನ್ನೇ ಪ್ರೊಮಾಂಟರಿ ಎಂದುಕೊಂಡರೆ ಅಳತೆ ಕೆಡುತ್ತದೆ. ಪ್ಯೂಬಿಸ್ ಸಂದು ಹೆಚ್ಚು ಎತ್ತರವಿದ್ದರೆ ಕಳೆಯುವ ಲೆಕ್ಕವೂ ಬದಲು. ತನ್ನ ಬೆರಳು ಎಷ್ಟು ಸೆಂಟಿಮೀಟರ್ ಮುಟ್ಟುತ್ತದೆಂದು ಅಳೆದಿಟ್ಟುಕೊಳ್ಳದ ವೈದ್ಯರು ‘ಸಿಗಲಿಲ್ಲ’ ಎಂದರೆ ಅದಕ್ಕೆ ಅರ್ಥವಿಲ್ಲ.

ಅಲ್ಲಿಂದ ಬೆರಳು ಸೇಕ್ರಮ್ ಗುಂಟ ಕೆಳಗಿಳಿಯುತ್ತದೆ: ಬೋಗುಣಿಯಂತೆ ಗುಳಿಯಿದೆಯೇ, ಹಲಗೆಯಂತೆ ಚಪ್ಪಟೆಯೇ? ಪಕ್ಕದ ಗೋಡೆಗಳು ಸಮನಾಗಿ ಇಳಿಯುತ್ತವೆಯೇ, ಕೆಳಗೆ ಒತ್ತಿಕೊಳ್ಳುತ್ತವೆಯೇ? ಪಕ್ಕದ ಗೋಡೆಗಳಿಂದ ಒಳಕ್ಕೆ ಚಾಚಿದ ಎಲುಬಿನ ಮೊನೆಗಳು, ಅಂದರೆ ಇಸ್ಕಿಯಲ್ ಸ್ಪೈನ್‌ಗಳು, ಮೊಂಡೇ, ಚೂಪೇ? ಬೆರಳು ಅಗಲಿಸಿದಾಗ ಎರಡೂ ಸ್ಪೈನ್ ಒಟ್ಟಿಗೆ ತಾಗಿದರೆ ನಡುಭಾಗ ಕಿರಿದು; ಸಾಮಾನ್ಯ ಅಂತರ ಸುಮಾರು 10 ಸೆಂ.ಮೀ. ಕೊನೆಗೆ ಪ್ಯೂಬಿಸ್ ಕಮಾನಿನ ಕೆಳಗೆ ಎರಡು ಬೆರಳು ಹಿಡಿಸಬೇಕು, ಕೂರುವ ಎಲುಬುಗಳ ನಡುವೆ ಮುಷ್ಟಿ ಹಿಡಿಸಬೇಕು.

ಮೇಲಿನ ಬಾಯಿಯ ಅಡ್ಡಳತೆ ಮಾತ್ರ ಬೆರಳಿಗೆ ಸಿಗುವುದೇ ಇಲ್ಲ. 1933ರಲ್ಲಿ ಕಾಲ್ಡ್‌ವೆಲ್ ಮತ್ತು ಮೊಲಾಯ್ ಎಂಬ ವೈದ್ಯರು ಪೆಲ್ವಿಸ್‌ಗಳನ್ನು ಆಕಾರ ನೋಡಿ ನಾಲ್ಕು ಬಗೆಗಳಾಗಿ ವಿಂಗಡಿಸಿದರು. ಪರೀಕ್ಷೆಗೆ ಓದಲು ಅನುಕೂಲ, ಆದರೆ ಕಾಣುವ ಪೆಲ್ವಿಸ್‌ಗಳಲ್ಲಿ ಬೆರಕೆಯವೇ ಹೆಚ್ಚು.

ಇನ್ನೊಂದು ಕಡೆ ತಲೆಯ ಲೆಕ್ಕ. ಗದ್ದ ಎದೆಗೊತ್ತಿ ಚೆನ್ನಾಗಿ ಬಾಗಿದ ತಲೆಗೆ ಬೇಕಾದ್ದು 9.5 ಸೆಂ.ಮೀ.; ಬಾಗದೆ ನೆಟ್ಟಗೆ ಬಂದರೆ ಅದೇ ತಲೆಗೆ 11.5. ಬುರುಡೆಯ ಎಲುಬುಗಳು ಒಂದರ ಮೇಲೊಂದು ಜಾರಿ ಇನ್ನಷ್ಟು ಹೊಂದಿಕೊಳ್ಳುತ್ತವೆ, ಕುಕ್ಕರುಗಾಲಲ್ಲಿ ಕೂತರೆ ಕೆಳಗಿನ ಬಾಯಿ ತುಸು ಹಿಗ್ಗುತ್ತದೆ. ಇದ್ಯಾವುದೂ ಎಂಟನೇ ತಿಂಗಳ ಅಳತೆಯಲ್ಲಿ ಇಲ್ಲ. ಹೆರಿಗೆ ನೋವು ಬಂದ ಮೇಲೆಯೇ ತಿಳಿಯಬೇಕು. ಹಿಂದೆ ಪೆಲ್ವಿಸ್ ಮುರಿದಿದ್ದವರು, ಬಾಲ್ಯದಲ್ಲಿ ರಿಕೆಟ್ಸ್ (ಎಲುಬು ಮೆತ್ತಗಾಗಿ ಬಾಗುವ ರೋಗ) ಅಥವಾ ಪೋಲಿಯೊ ಆಗಿದ್ದವರು, ಬೆನ್ನುಮೂಳೆ ಸೊಟ್ಟಗಿರುವವರ ವಿಚಾರ ಬೇರೆ. ಅವರನ್ನು ಮೊದಲೇ ತಜ್ಞರು ನೋಡಬೇಕು.

ನೋವಿನ ಹೊತ್ತಿನಲ್ಲೂ ಮೋಸಹೋಗುವ ಜಾಗವೊಂದಿದೆ. ತಲೆ ಎಷ್ಟು ಇಳಿದಿದೆ ಎಂಬುದಕ್ಕೆ ಇಸ್ಕಿಯಲ್ ಸ್ಪೈನ್ ಮಟ್ಟವೇ ಸೊನ್ನೆ. ಒತ್ತಡಕ್ಕೆ ನೆತ್ತಿಯ ಚರ್ಮ ಊದಿಕೊಂಡರೆ, ಬುರುಡೆ ಮೇಲೇ ಇದ್ದರೂ ಬೆರಳಿಗೆ ‘ಪ್ಲಸ್ ಎರಡು’, ಅಂದರೆ ಆ ಮಟ್ಟಕ್ಕಿಂತ ಎರಡು ಸೆಂ.ಮೀ. ಕೆಳಗೆ, ಎನಿಸುತ್ತದೆ. ಹಾಗಾಗಿ ಹೊಟ್ಟೆಯ ಮೇಲೂ ಕೈಯಿಟ್ಟು ನೋಡಬೇಕು: ತಲೆಯನ್ನು ಐದು ಭಾಗವೆಂದುಕೊಂಡರೆ ಎರಡಕ್ಕಿಂತ ಹೆಚ್ಚು ಭಾಗ ಇನ್ನೂ ಮೇಲೆ ಸಿಗುತ್ತಿದ್ದರೆ, ಒಳಗೆ ಸಿಕ್ಕ ಅಂಕಿಯನ್ನು ನಂಬಬಾರದು.