ಏಣಿ ಗ್ಯಾರೇಜಿನಲ್ಲಿ ಹಿಡಿಸಿತೋ, ಇಲ್ಲವೋ?

ಪ್ರಶ್ನೆ: ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಅತಿ ವೇಗದಲ್ಲಿ ಸಾಗುವ ವಸ್ತು ಕುಗ್ಗುತ್ತದಂತೆ. ಹಾಗಾದರೆ ಉದ್ದನೆಯ ಏಣಿ ಗಿಡ್ಡ ಗ್ಯಾರೇಜಿನೊಳಗೆ ಹಿಡಿಸಬೇಕು. ಆದರೆ ಏಣಿಯ ಕಡೆಯಿಂದ ನೋಡಿದರೆ ಓಡಿ ಬರುತ್ತಿರುವುದೂ ಕುಗ್ಗುವುದೂ ಗ್ಯಾರೇಜು! ಎರಡೂ ಹೇಗೆ ಸರಿ?

ಉತ್ತರ: ಬರೀ ಮಾತಿನಲ್ಲಿ ಬಿಡಿಸಹೊರಟರೆ ಈ ಒಗಟು ಇನ್ನಷ್ಟು ಸಿಕ್ಕಾಗುತ್ತದೆ. ಲೆಕ್ಕ ಹಾಕಿಯೇ ನೋಡೋಣ.

ನಿಂತಲ್ಲೇ ಅಳೆದರೆ ಏಣಿ 10 ಮೀಟರ್, ಗ್ಯಾರೇಜು 6 ಮೀಟರ್. ಏಣಿಯ ವೇಗ ಬೆಳಕಿನ ವೇಗದ 0.8ರಷ್ಟು, ಆಗ ಲೊರೆಂಟ್ಸ್ ಗುಣಕ (ಉದ್ದ ಎಷ್ಟು ಪಾಲು ಕುಗ್ಗುತ್ತದೆಂದು ತಿಳಿಯಲು ಭಾಗಿಸಬೇಕಾದ ಸಂಖ್ಯೆ) 5/3. ಗ್ಯಾರೇಜಿನಲ್ಲಿ ನಿಂತವರ ಅಳತೆಗೆ ಏಣಿ 6 ಮೀಟರ್, ಏಣಿಯೊಂದಿಗೆ ಸಾಗುವವರ ಅಳತೆಗೆ ಗ್ಯಾರೇಜು 3.6 ಮೀಟರ್. ಗ್ಯಾರೇಜಿನ ಎರಡೂ ತುದಿಗೆ ಬಾಗಿಲಿದೆ. ಏಣಿ ಸರಿಯಾಗಿ ಒಳಗಿರುವ ಕ್ಷಣದಲ್ಲಿ ಎರಡೂ ಬಾಗಿಲು ಒಂದೇ ಸಲ ಮುಚ್ಚಿ ತಕ್ಷಣ ತೆರೆಯುತ್ತವೆ ಎಂದುಕೊಳ್ಳಿ.

ತೊಡಕಿರುವುದು ಆ ‘ಒಂದೇ ಸಲ’ದಲ್ಲಿ. ಗ್ಯಾರೇಜಿನವರಿಗೆ ಒಂದೇ ಸಲ ಆದದ್ದು ಏಣಿಯವರಿಗೆ ಹಾಗಾಗದು. ವ್ಯತ್ಯಾಸವೆಷ್ಟು? ಬಾಗಿಲುಗಳ ನಡುವಿನ 6 ಮೀಟರನ್ನು 0.8ರಿಂದ, ಮತ್ತೆ 5/3ರಿಂದ ಗುಣಿಸಿ: 8 ಮೀಟರ್. ಅಷ್ಟು ದೂರ ಸಾಗಲು ಬೆಳಕಿಗೆ 26.7 ನ್ಯಾನೊಸೆಕೆಂಡ್ ಬೇಕು. ಏಣಿಯವರ ಗಡಿಯಾರದಲ್ಲಿ ಹೊರಹೋಗುವ ಬಾಗಿಲು ಅಷ್ಟು ಮೊದಲೇ ಮುಚ್ಚಿ ತೆರೆದಿರುತ್ತದೆ. ಆ ಅವಧಿಯಲ್ಲಿ ಗ್ಯಾರೇಜು 6.4 ಮೀಟರ್ ಸರಿಯುತ್ತದೆ. 3.6ಕ್ಕೆ 6.4 ಕೂಡಿಸಿದರೆ ಸರಿಯಾಗಿ 10! ಏಣಿಯ ಹಿಂತುದಿ ಒಳಬಂದಾಗ ಮುಂತುದಿ 6.4 ಮೀಟರ್ ಹೊರಗೆ ಚಾಚಿರುತ್ತದೆ. ಯಾವ ಬಾಗಿಲೂ ಏಣಿಗೆ ತಾಗುವುದಿಲ್ಲ, ಇದನ್ನು ಇಬ್ಬರೂ ಒಪ್ಪುತ್ತಾರೆ. ‘ಹಿಡಿಸಿತೇ’ ಎಂದರೆ ಎರಡೂ ತುದಿ ಒಟ್ಟಿಗೆ ಒಳಗಿದ್ದವೇ ಎಂದರ್ಥ. ಅದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಉದ್ದವನ್ನು 5/3ರಿಂದ ಭಾಗಿಸಿ ಅಲ್ಲಿಗೇ ನಿಲ್ಲಿಸಿದಾಗ. ಆ ಸೂತ್ರ ಎರಡು ತುದಿಗಳನ್ನು ಒಂದೇ ಕ್ಷಣದಲ್ಲಿ ಗುರುತಿಸಿದಾಗ ಮಾತ್ರ ಸಲ್ಲುತ್ತದೆ. ಅದರ ಬದಲು ಪ್ರತಿ ಘಟನೆಗೂ ಒಂದು ಚೌಕಟ್ಟಿನಲ್ಲಿ, ಅಂದರೆ ಒಬ್ಬರ ಅಳತೆಯಲ್ಲಿ, ಜಾಗ, ಸಮಯ ಎರಡನ್ನೂ ಬರೆದುಕೊಂಡು, ಲೊರೆಂಟ್ಸ್ ರೂಪಾಂತರ ಎಂಬ ಸೂತ್ರಗಳಿಂದ ಎರಡನ್ನೂ ಇನ್ನೊಬ್ಬರ ಅಳತೆಗೆ ಬದಲಿಸಿ.

ಇನ್ನೂ ಕಠಿಣ ಪ್ರಶ್ನೆಯೊಂದಿದೆ: ಹೊರಹೋಗುವ ಬಾಗಿಲು ತೆರೆಯದೇ ಇದ್ದರೆ? ಏಣಿ ಡಿಕ್ಕಿ ಹೊಡೆದು ನಿಲ್ಲಬೇಕಲ್ಲ, 3.6 ಮೀಟರಿನಲ್ಲಿ 10 ಮೀಟರ್ ಹೇಗೆ ಹಿಡಿಸೀತು? ಇಲ್ಲಿ ನಾವು ಅರಿವಿಲ್ಲದೆ ಏಣಿಯನ್ನು ಪೂರ್ತಿ ಬಿಗಿಯಾದ, ಮುಂತುದಿ ನಿಂತ ಕ್ಷಣವೇ ಹಿಂತುದಿಯೂ ನಿಲ್ಲುವ ವಸ್ತು ಎಂದುಕೊಂಡಿದ್ದೇವೆ. ಯಾವ ಸುದ್ದಿಯೂ ಬೆಳಕಿಗಿಂತ ವೇಗವಾಗಿ ಹರಿಯದು, ಹಾಗಾಗಿ ಅಂಥ ವಸ್ತು ಸಾಪೇಕ್ಷತೆಯಲ್ಲಿ ಸಾಧ್ಯವೇ ಇಲ್ಲ. 1961ರಲ್ಲಿ ಭೌತವಿಜ್ಞಾನಿ ವೋಲ್ಫ್‌ಗ್ಯಾಂಗ್ ರಿಂಡ್ಲರ್ ಮುಂದಿಟ್ಟ, ಕುಳಿಯ ಮೇಲೆ ಅತಿ ವೇಗದಲ್ಲಿ ಜಾರುವ ಸರಳು ಒಳಗೆ ಬೀಳುತ್ತದೋ ಇಲ್ಲವೋ ಎಂಬ ಒಗಟಿಗೂ ಇದೇ ಉತ್ತರ: ಸರಳು ಬಾಗುತ್ತದೆ. ಡಿಕ್ಕಿಯ ಸುದ್ದಿ ಉಕ್ಕಿನ ಏಣಿಯಲ್ಲಿ ಶಬ್ದದ ವೇಗದಲ್ಲಿ ಹರಿದರೆ 10 ಮೀಟರಿಗೆ ಸುಮಾರು 2 ಮಿಲಿಸೆಕೆಂಡ್ ಬೇಕು. ಬೆಳಕಿನ ವೇಗದಲ್ಲೇ ಹರಿಯಿತೆಂದರೂ ಹಿಂತುದಿಗೆ ತಲುಪಲು, ಏಣಿಯವರ ಲೆಕ್ಕದಲ್ಲಿ, 33.3 ನ್ಯಾನೊಸೆಕೆಂಡ್. ಒಳಬರುವ ಬಾಗಿಲು ಹಿಂತುದಿಯನ್ನು ದಾಟಿದ್ದು 26.7ಕ್ಕೇ! ಸುದ್ದಿ ಮುಟ್ಟುವಷ್ಟರಲ್ಲಿ ಹಿಂತುದಿ 1.6 ಮೀಟರ್ ಒಳಗಿದೆ, ಏಣಿ ಉಳಿದ 2 ಮೀಟರಿನಲ್ಲಿ ಅಪ್ಪಚ್ಚಿಯಾಗಿದೆ. ಗ್ಯಾರೇಜಿನವರ ಅಳತೆಗೆ ಆ ಗಳಿಗೆಯ ಏಣಿ 3.3 ಮೀಟರ್. ಒಳಬರುವ ಬಾಗಿಲು ಮುಚ್ಚಿತೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.