ಸಿಟಿ ವ್ಯಾಲ್ಯೂ ಅನ್ನೋ ನಂಬರ್ ಎಲ್ಲಿಂದ ಬಂತು

2021ರ ಮೇ ತಿಂಗಳಲ್ಲಿ, ಕೊರೊನಾ ಜೋರಿದ್ದಾಗ, ದಾವಣಗೆರೆ ವಿದ್ಯಾನಗರದ ನಮ್ಮ ಬೀದೀಲಿ ಯಾರ್ ಸಿಕ್ರೂ ಕೇಳ್ತಿದ್ದಿದ್ದು ಒಂದೇ, "ನಿಮ್ಮನೇರ್ದು ಸಿಟಿ ಎಷ್ಟ್ ಬಂತು?" ಎದುರುಮನೆ ಅಜ್ಜಿಗೆ 18 ಬಂದಿತ್ತು. ಅವರ ಮಗ ಅದನ್ನ ಸ್ಕ್ಯಾನ್ ಸ್ಕೋರ್ ಅನ್ಕೊಂಡು, 25ಕ್ಕೆ 18 ಅಂದ್ರೆ ಶ್ವಾಸಕೋಶ ಮುಗೀತು ಅಂತ ರಾತ್ರಿಯೆಲ್ಲಾ ಬೆಡ್ಡಿಗೋಸ್ಕರ ಫೋನ್ ಮಾಡಿದ್ದೇ ಮಾಡಿದ್ದು. ಅಜ್ಜಿಗೆ ಆಕ್ಸಿಜನ್ 97 ಇತ್ತು, ಗಂಜಿ ಕುಡಿದು ಮಲಗಿದ್ರು.

ಎರಡಕ್ಕೂ ಹೆಸರು ಸಿಟಿನೇ, ಒಂದಕ್ಕೊಂದು ಸಂಬಂಧ ಇಲ್ಲ. ಸ್ಕ್ಯಾನಿಂದು ಎದೆ ಫೋಟೋ ನೋಡಿ 25ಕ್ಕೆ ಕೊಡೋ ಮಾರ್ಕ್ಸು, ಹೆಚ್ಚಾದಷ್ಟೂ ಕಷ್ಟ. ಮೂಗಿಗೆ ಕಡ್ಡಿ ಹಾಕೋ ಆರ್‌ಟಿ-ಪಿಸಿಆರ್ ಟೆಸ್ಟಿನ ಸಿಟಿ ಅಂದ್ರೆ ವೈರಸ್ಸಿನ ಜೀನನ್ನ ಎಷ್ಟು ಸುತ್ತು ಕಾಪಿ ಮಾಡಿದ್ಮೇಲೆ ಮಷೀನಿಗೆ ಕಾಣಿಸ್ತು ಅನ್ನೋ ಲೆಕ್ಕ, ಇದು ಕಮ್ಮಿ ಇದ್ದಷ್ಟೂ ಸ್ಯಾಂಪಲ್‌ನಲ್ಲಿ ವೈರಸ್ ಜಾಸ್ತಿ.

ಈ ಕಾಪಿ ಮಾಡೋದು ಕಿಣ್ವ, ಅಂದ್ರೆ ಎಂಜೈಮ್. 1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಕಾಪಿ ಮಾಡೋ ಕಿಣ್ವ ಡಿಎನ್‌ಎ ಪಾಲಿಮರೇಸ್ ಕಂಡುಹಿಡಿದ್ರು, ಡಿಎನ್‌ಎ ಪೂರ್ತಿ ನಕಲಾಗೋದು ಇದರಿಂದಲೇ ಅಂತ ಎಷ್ಟೋ ವರ್ಷ ನಂಬಿದ್ರು, 1969ರಲ್ಲಿ ಜಾನ್ ಕೇರ್ನ್ಸ್ ಮತ್ತೆ ಪೌಲಾ ಡಿ ಲೂಸಿಯಾ ನೋಡಿದ್ರೆ ಈ ಕಿಣ್ವ ಕೆಟ್ಟಿರೋ ಬ್ಯಾಕ್ಟೀರಿಯಾನೂ ಆರಾಮಾಗಿ ಬೆಳೀತಿತ್ತು, ಅತಿನೇರಳೆ ಕಿರಣ ಬಿದ್ರೆ ಮಾತ್ರ ಬೇಗ ಸಾಯ್ತಿತ್ತು. ಅಂದ್ರೆ ಅದು ಮುಖ್ಯವಾಗಿ ರಿಪೇರಿ ಕಿಣ್ವ. 1970ರಲ್ಲಿ ಹೊವಾರ್ಡ್ ಟೆಮಿನ್, ಡೇವಿಡ್ ಬಾಲ್ಟಿಮೋರ್ ಅನ್ನೋ ವಿಜ್ಞಾನಿಗಳಿಬ್ಬರೂ ಬೇರೆ ಬೇರೆಯಾಗಿ, ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಯೋ ಕಿಣ್ವನ ವೈರಸ್‌ಗಳಲ್ಲಿ ಹಿಡಿದ್ರು. ಕೊರೊನಾ ವೈರಸ್ಸಿನ ಜೀನ್ ಇರೋದು ಆರ್‌ಎನ್‌ಎಲಿ, ಅದನ್ನ ಮೊದ್ಲು ಡಿಎನ್‌ಎ ಮಾಡ್ಬೇಕು, ಆರ್‌ಟಿ-ಪಿಸಿಆರ್‌ನಲ್ಲಿರೋ ಆರ್‌ಟಿ ಅದರದ್ದೇ ಕೆಲಸ.

ಪಿಸಿಆರ್, ಅಂದ್ರೆ ಡಿಎನ್‌ಎನ ಸುತ್ತು ಸುತ್ತಾಗಿ ಕಾಪಿ ಮಾಡೋ ವಿಧಾನ, 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಹೊಳೆದಿದ್ದು. ಸುಮಾರು 95 ಡಿಗ್ರಿಗೆ ಕಾಯಿಸಿ ಎರಡೆಳೆ ಬಿಡಿಸೋದು, ಆರಿಸಿ ಪ್ರೈಮರ್ (ನಕಲು ಶುರು ಮಾಡೋ ಜಾಗ ತೋರಿಸೋ ಸಣ್ಣ ಡಿಎನ್‌ಎ ತುಂಡು) ಕೂರಿಸೋದು, ಕಿಣ್ವ ನಕಲು ತೆಗೆಯೋದು, ಇದು ಒಂದು ಸುತ್ತು. ಮೊದಮೊದಲು ಹಾಕ್ತಿದ್ದ ಇ. ಕೋಲೈ ಕಿಣ್ವ ಆ ಬಿಸಿಗೆ ಮೊಟ್ಟೆ ಬಿಳಿ ಥರ ಕೆಟ್ಟೋಗ್ತಿತ್ತು, ಸುತ್ತಿಗೊಂದ್ಸಲ ಟ್ಯೂಬ್ ಮುಚ್ಚಳ ತೆಗೆದು ಹೊಸದಾಗಿ ಹಾಕ್ಬೇಕು. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೇಲಿ ಥಾಮಸ್ ಬ್ರಾಕ್‌ಗೆ ಸಿಕ್ಕಿದ್ದ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾದ ಟ್ಯಾಕ್ ಕಿಣ್ವ ಬಂದ್ಮೇಲೆ ಒಂದ್ಸಲ ಹಾಕಿದ್ರೆ ಮುಗೀತು. ಸುತ್ತಿಗೆ ಡಬಲ್, ಒಂದು ಕಾಪಿ ಇದ್ದಿದ್ದು ಹತ್ತು ಸುತ್ತಿಗೆ 1024, 30 ಸುತ್ತಿಗೆ ನೂರು ಕೋಟಿ ದಾಟುತ್ತೆ.

ಹಾಗಾಗಿ ಸಿಟಿ ಮೂರು ಚಿಲ್ಲರೆ ಹೆಚ್ಚು ಬಂತು ಅಂದ್ರೆ ವೈರಸ್ ಹತ್ತರಲ್ಲೊಂದು ಪಾಲು. ಕಡ್ಡಿ ಮೂಗಿನ ತುದೀಲೇ ಆಡಿಸಿ ತೆಗೆದ್ರೂ, ಸ್ಯಾಂಪಲ್ ಬಿಸಿಲಲ್ಲಿ ಕಾದ್ರೂ ನಂಬರ್ ಏರುತ್ತೆ, ಕಿಟ್ ಬೇರೆ ಆದ್ರೂ ಬೇರೆ ಬರುತ್ತೆ. ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 35ಕ್ಕೆ ಗೆರೆ ಎಳೆದಿದ್ದು ಪಾಸಿಟಿವ್ ಹೌದೋ ಅಲ್ವೋ ಅಂತ ಹೇಳೋಕೆ, ಕಾಯಿಲೆ ಎಷ್ಟು ಜೋರು ಅಂತ ಅಳೆಯೋಕಲ್ಲ. ನಮ್ಮ ಬೀದಿಗೆ ಬರೋ ಹೊತ್ತಿಗೆ ಆ ವ್ಯತ್ಯಾಸ ಉಳಿದಿರ್ಲಿಲ್ಲ. ರಿಪೋರ್ಟಲ್ಲಿ ನಂಬರ್ ಕೆಳಗೆ ಕನ್ನಡದಲ್ಲಿ ಎರಡು ಸಾಲು ಇದ್ದಿದ್ರೆ ಎಷ್ಟೋ ಮನೇರು ಆ ದಿನ ನಿದ್ದೆ ಮಾಡ್ತಿದ್ರು ಅಂತ ನಂಗೆ ಈಗ್ಲೂ ಅನ್ಸುತ್ತೆ.

ವೈರಸ್ಸೂ ಬದುಕೋದು ಕಾಪಿ ಮಾಡ್ಕೊಂಡೇ. ಈ ಕೊರೊನಾದ್ದು ಸುಮಾರು 30 ಸಾವಿರ ಅಕ್ಷರದ ಆರ್‌ಎನ್‌ಎ, ತಪ್ಪು ತಿದ್ದೋಕೆ ಬೇರೆ ಕಿಣ್ವ ಇಟ್ಕೊಂಡೈತೆ, ಬಹಳಷ್ಟು ಆರ್‌ಎನ್‌ಎ ವೈರಸ್‌ಗೆ ಅದಿಲ್ಲ. ಆದ್ರೂ ಕೆಲವು ತಪ್ಪು ಉಳ್ಕೊಳ್ಳುತ್ತೆ, ಆಲ್ಫಾ ಅನ್ನೋ ಹೊಸ ತಳಿ ಬಂದಾಗ ವೈರಸ್ಸಿನ ಎಸ್ ಅನ್ನೋ ಜೀನ್ ಬದಲಾಗಿ ಕೆಲವು ಕಿಟ್‌ಗೆ ಸಿಗ್ಲೇ ಇಲ್ಲ. ಒಂದಕ್ಕಿಂತ ಹೆಚ್ಚು ಜೀನ್ ನೋಡಿದ್ರೆ ಆಗ ಕೈ ಹಿಡಿಯುತ್ತೆ, ಆದ್ರೆ ಒಂದೊಂದು ಜೀನಿಗೂ ಒಂದೊಂದು ಸಿಟಿ.

ಅಜ್ಜಿ ಹುಷಾರಾದ್ಮೇಲೆ ರಿಪೋರ್ಟ್ ತೆಗೆದು ನೋಡಿದ್ವಿ. ಇ ಜೀನ್ 18, ಅದರ ಕೆಳಗೆ ಆರ್‌ಡಿಆರ್‌ಪಿ 20. ಆರ್‌ಡಿಆರ್‌ಪಿ ಅಂದ್ರೆ ವೈರಸ್ ತನ್ನನ್ನ ನಕಲು ಮಾಡ್ಕೊಳ್ಳೋ ಕಿಣ್ವದ ಹೆಸರೇ ಅಂತ ಹೇಳಿದೆ. ಮಗ ಅದರ ಮೇಲೆ ಬೆರಳಿಟ್ಟು, "ಅಣ್ಣಾ, ಹಂಗಾರೆ ಈ 20 ಎಷ್ಟಕ್ಕೆ?" ಅಂದ.

"ಎಷ್ಟಕ್ಕೂ ಅಲ್ಲಪ್ಪ, ಸುತ್ತು ಎಣಿಸಿದ್ದು ಅಷ್ಟೇ."