ಪಾರಾದವರಿಗೆ ಗೊತ್ತಾಗದ ಕೆಲಸ

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಪ್ರದೇಶಕ್ಕೆ ಕಾಲರಾ ಬಡಿಯಿತು. ಹತ್ತೇ ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಕಾಲರಾದ ಸುಳಿವೇ ಇರಲಿಲ್ಲ. ಆದರೂ ಅಲ್ಲೊಬ್ಬ ವಿಧವೆ ಅದೇ ರೋಗದಿಂದ ತೀರಿಕೊಂಡರು. ವೈದ್ಯ ಜಾನ್ ಸ್ನೋ ಹೋಗಿ ಮಗನನ್ನು ವಿಚಾರಿಸಿದಾಗ ಸಂಗತಿ ಬಯಲಾಯಿತು. ಸೋಹೊದ ಬ್ರಾಡ್ ಸ್ಟ್ರೀಟ್ ಪಂಪಿನ ನೀರೆಂದರೆ ಆಕೆಗೆ ಇಷ್ಟ. ಗಾಡಿಯಲ್ಲಿ ಒಂದು ದೊಡ್ಡ ಬಾಟಲಿ ತರಿಸಿಕೊಳ್ಳುತ್ತಿದ್ದರಂತೆ. ಇತ್ತ ಅದೇ ಪಂಪಿನ ಹತ್ತಿರವಿದ್ದ ಬಿಯರ್ ತಯಾರಿಕೆಯ ಕಾರ್ಖಾನೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿದ್ದರು, ಒಬ್ಬರೂ ಸಾಯಲಿಲ್ಲ. ಅವರು ಬಿಯರ್ ಕುಡಿಯುತ್ತಿದ್ದರು, ಕಾರ್ಖಾನೆಗೆ ಬೇರೆ ಬಾವಿಯೂ ಇತ್ತು.

ಕಾಲರಾಕ್ಕೆ ಕಾರಣ ಕೆಟ್ಟ ಗಾಳಿ ಎಂದು ಬಹುತೇಕರು ನಂಬಿದ್ದ ಕಾಲ ಅದು. ಸ್ನೋ ಕೈಯಲ್ಲಿ ಮದ್ದೂ ಇರಲಿಲ್ಲ. ಇದ್ದದ್ದು ಸತ್ತವರ ಪಟ್ಟಿ ಮತ್ತು ಒಂದು ಪ್ರಶ್ನೆ: ಈ ಬೀದಿಗೇ ಯಾಕೆ? ಸಾರ್ವಜನಿಕ ಆರೋಗ್ಯ ಎಂದರೆ ಇಂದಿಗೂ ಮೂಲದಲ್ಲಿ ಇದೇ. ವೈದ್ಯರು ಒಬ್ಬರ ನಾಡಿ ನೋಡಿದರೆ, ಇದು ಇಡೀ ಊರಿನ ನಾಡಿ ನೋಡುತ್ತದೆ.

ಹಾಗೆ ನೋಡಿದಾಗ ಲೆಕ್ಕವೇ ಬದಲಾಗುತ್ತದೆ. ಬ್ರಿಟನ್ನಿನ ವೈದ್ಯ ಜೆಫ್ರಿ ರೋಸ್ 1980ರ ದಶಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ರಕ್ತದೊತ್ತಡ ವಿಪರೀತ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು, ನಿಜ. ಆದರೆ ಅಂಥವರು ಸ್ವಲ್ಪ ಮಂದಿ. ಒತ್ತಡ ತುಸುವೇ ಏರಿರುವವರ ಸಂಖ್ಯೆ ಎಷ್ಟು ದೊಡ್ಡದೆಂದರೆ, ಒಟ್ಟಾರೆ ಹೆಚ್ಚು ಜನ ಆ ಗುಂಪಿನಿಂದಲೇ ಹಾಸಿಗೆ ಹಿಡಿಯಬಹುದು. ಆದ್ದರಿಂದ ಸಿದ್ಧ ಆಹಾರದಲ್ಲಿ ಎಲ್ಲರಿಗೂ ಒಂದಿಷ್ಟು ಉಪ್ಪು ತಗ್ಗಿಸುವುದು, ಕೆಲವರಿಗಷ್ಟೇ ಮಾತ್ರೆ ಕೊಡುವುದಕ್ಕಿಂತ ಹೆಚ್ಚು ಜೀವ ಉಳಿಸೀತು. ಇದರಿಂದ ಬದುಕಿದವರು ಯಾರು? ಹೆಸರು ಹಿಡಿದು ಹೇಳಲಾಗದು. ತಾನು ಪಾರಾದೆ ಎಂಬುದು ಪಾರಾದವರಿಗೇ ತಿಳಿಯದು. ಆಪರೇಷನ್ ಮಾಡಿದ ಡಾಕ್ಟರಿಗೆ ಕೈಮುಗಿಯುತ್ತೇವೆ. ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಿದವರ ನೆನಪು ಯಾರಿಗೂ ಬರುವುದಿಲ್ಲ. ಹಣ ಉಳಿಸಬೇಕಾದಾಗ ಇಂಥ ಕೆಲಸಕ್ಕೇ ಮೊದಲು ಕತ್ತರಿ ಬೀಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಲಸಿಕೆಯದೂ ಇದೇ ಕಥೆ. ದಡಾರ ತಡೆಯಲು ಶೇ. 95ರಷ್ಟು ಜನರಿಗೆ ರಕ್ಷಣೆ ಇರಬೇಕು. ಆಗ ಲಸಿಕೆಯ ವಯಸ್ಸಾಗದ ಹಸುಗೂಸನ್ನೂ ಸುತ್ತಲಿನವರೇ ಕಾಯುತ್ತಾರೆ. ಸಿಡುಬು ಭೂಮಿಯಿಂದಲೇ ತೊಲಗಿತು ಎಂದು 1980ರಲ್ಲಿ ಘೋಷಣೆಯಾಯಿತು. ಆಮೇಲೆ ಹುಟ್ಟಿದವರು ಅದರ ಭಯವನ್ನೇ ಅರಿಯರು.

ರೋಗಕ್ಕೆ ಪಂಪಿನ ನೀರೇ ಕಾರಣ ಎಂಬ ಸ್ನೋ ಮಾತಿನ ಮೇಲೆ ಬ್ರಾಡ್ ಸ್ಟ್ರೀಟ್ ಪಂಪಿನ ಹಿಡಿಕೆಯನ್ನು ಸೆಪ್ಟೆಂಬರ್ 8ರಂದು ಕಳಚಿದರು. ಅಷ್ಟರಲ್ಲಿ ಜನ ಊರುಬಿಟ್ಟು ರೋಗ ಇಳಿಮುಖವಾಗಿತ್ತು, ಹಿಡಿಕೆ ಕಳಚಿದ್ದರಿಂದಲೇ ನಿಂತಿತು ಎನ್ನಲಾಗದು ಎಂದು ಸ್ವತಃ ಸ್ನೋ ಒಪ್ಪಿದ್ದರು. ಆದರೆ ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ, ಸ್ನೋ ಮಾತು ಸುಳ್ಳೆಂದು ತೋರಿಸಲು ಮನೆಮನೆ ಅಲೆದವರು, ಕೊನೆಗೆ ಮೂಲವನ್ನೇ ಪತ್ತೆಹಚ್ಚಿದರು. ಪಂಪಿನ ಎದುರಿನ 40ನೇ ನಂಬರಿನ ಮನೆಯಲ್ಲಿ ಭೇದಿಯಾಗಿದ್ದ ಕೂಸಿನ ಬಟ್ಟೆ ಒಗೆದ ನೀರನ್ನು ತಾಯಿ ಮಲಗುಂಡಿಗೆ ಚೆಲ್ಲಿದ್ದಳು. ಗುಂಡಿಗೂ ಬಾವಿಗೂ ಮೂರಡಿಯಷ್ಟೇ ಅಂತರ, ಇಟ್ಟಿಗೆಗಳು ಸಡಿಲಾಗಿದ್ದವು. ಕೂಸು ತೀರಿಕೊಂಡ ಮೇಲೆ ಅದರ ತಂದೆಗೂ ಕಾಲರಾ ತಗುಲಿತು. ಆತ ಹಾಸಿಗೆ ಹಿಡಿದದ್ದು ಸೆಪ್ಟೆಂಬರ್ 8ರಂದೇ. ಗುಂಡಿಗೆ ಮತ್ತೆ ಅದೇ ವಿಷ ಸುರಿಯತೊಡಗಿದಾಗ, ಪಂಪಿಗೆ ಹಿಡಿಕೆ ಇರಲಿಲ್ಲ.